ಫೋಟೋದ ಬಲಗಡೆಯ ಗೋಡೆ

ಮೂರನೆಯ ಸಲ ಒತ್ತಿದಾಗ ಮಷೀನು ನವಿಲನ್ನು ಕೊಟ್ಟಿತು.

ಬರೀ ನವಿಲಲ್ಲ. ನವಿಲಿನ ಹಿಂದೆ ಕೊಳ, ಕೊಳದಲ್ಲಿ ತಾವರೆ, ಕೊಳದಾಚೆ ಮಂಜು ಮುಸುಕಿದ ಬೆಟ್ಟ. ಸೇಡಂ ತಾಲ್ಲೂಕಿನಲ್ಲಿ ಮುಂಜಾನೆ ಬೆಳ್ಳಗೆ ಏನಾದರೂ ತೇಲಿದರೆ ಅದು ಸಿಮೆಂಟು. ಅಂಥ ಊರಿನ ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ, ಸತ್ತ ಬೀರಲಿಂಗ ಮಂಜಿನ ನಡುವೆ ನವಿಲಿನ ಪಕ್ಕ ನಿಂತು ನಗುತ್ತಿದ್ದ.

ಗುರುಲಿಂಗಯ್ಯ ಸ್ಟೂಲಿನಿಂದ ಅರ್ಧ ಎದ್ದ. ಮತ್ತೆ ಕೂತ.

ವಾಡಿ ಜಂಕ್ಷನ್ನಿನಲ್ಲಿ ಟಿಸಿಯಾಗಿ ಆಯುಷ್ಯ ಕಳೆದು, ನಿವೃತ್ತನಾದ ಮೇಲೆ ಪತ್ತೇದಾರಿಕೆಗೆ ಇಳಿದವನು ಅವನು. ಸುಲಭಕ್ಕೆ ಎದ್ದು ಕೂರುವ ಮನುಷ್ಯನಲ್ಲ. ಬೋಗಿಯ ಬಾಗಿಲಲ್ಲಿ ನಿಂತು ಒಮ್ಮೆ ಮೂಗೆಳೆದರೆ ಸಾಕು, ಟಿಕೆಟ್ಟಿಲ್ಲದವರು ಯಾವ ಸೀಟಿನಲ್ಲಿದ್ದಾರೆ ಎಂದು ಹೇಳುತ್ತಿದ್ದ. ಒಂದು ಸಲ ಜನರಲ್ ಬೋಗಿಯಲ್ಲಿ ಕಟ್ಟಿದ್ದ ಆಡನ್ನು ಸುಮ್ಮನೆ ದಿಟ್ಟಿಸಿ ನೋಡಿದ. ಅದು ತಾನೇ ಹಗ್ಗ ಬಿಚ್ಚಿಕೊಂಡು ಚಿತ್ತಾಪುರದಲ್ಲಿ ಇಳಿದು ಹೋಯಿತು. ಆಡಿನ ಮಾಲೀಕ ಇನ್ನೂ ಚಿತ್ತಾಪುರದಲ್ಲೇ ಇದ್ದಾನೆ, ನಂಬಿಕೆ ಇಲ್ಲದವರು ಹೋಗಿ ಕೇಳಬಹುದು.

“ಸಾಹೇಬ್ರ, ನೋಡ್ರಿ ಜರಾ!” ಸ್ಟುಡಿಯೋದ ಮಾಲೀಕ ತೌಸೀಫ್ ಪರದೆಗೆ ಮೂಗು ತಾಗಿಸಿದ್ದ. “ಗರಿ ಗರಿ ಬಿಡಿಸಿ ಕೂಡ್ಸ್ಯದ. ನಾ ಬರೀ ಮಾರಿ ಕೊಟ್ಟಿದ್ದೆ. ಸುತ್ತ ಖಾಲಿ ಜಾಗಾ ಬಿಟ್ಟು, ಎಐಗೆ ‘ತುಂಬು’ ಅಂದೆ. ಅಷ್ಟೇ.”

“ನೀರಿನಾಗ ಅವನ ನೆರಳೂ ಬಿದ್ದದಲ್ಲೋ.”

“ನಾ ಹೇಳಿಲ್ರಿ. ತಾನೇ ಹಾಕ್ಯದ.”

“ಯಪ್ಪಾ!” ಗುರುಲಿಂಗಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ನವಿಲು ಅಲ್ಲೇ ಇತ್ತು.

“ನನ್ನ ಮಗ ಜೈಲಿನಾಗ ಅದಾನ,” ಅಂದಳು ಬಾಗಿಲಲ್ಲಿ ನಿಂತಿದ್ದ ತುಳಜಾಬಾಯಿ. “ನೀವಿಬ್ರೂ ಕುಂತು ಗರಿ ಎಣಸ್ರಿ.”

ಇಬ್ಬರೂ ತಲೆ ತಗ್ಗಿಸಿದರು.

ತುಳಜಾಬಾಯಿಯ ಮಗ ರತ್ನದೀಪ. ಹೋದ ವರ್ಷ ಶ್ರಾವಣದಲ್ಲಿ ಕಾಗಿಣಾ ಹೊಳೆ ಉಕ್ಕಿದಾಗ ಅವನ ಗೆಳೆಯ ಬೀರಲಿಂಗ ಸೇತುವೆಯಿಂದ ನೀರಿಗೆ ಬಿದ್ದ. ರತ್ನದೀಪನೇ ನೂಕಿದ್ದನ್ನು ಕಣ್ಣಾರೆ ಕಂಡೆ ಎಂದು ಬೀರಲಿಂಗನ ಅಣ್ಣ ಆನಂದಕುಮಾರ ಪೊಲೀಸರಿಗೆ ಹೇಳಿದ. ಹೆಣ ಸಿಗಲಿಲ್ಲ. ರತ್ನದೀಪ ಸಿಕ್ಕ. ಬರುವ ಸೋಮವಾರ ಆನಂದಕುಮಾರ ಕೋರ್ಟಿನಲ್ಲಿ ನಿಂತು ಅದೇ ಮಾತು ಹೇಳುವವನಿದ್ದ. ಹೇಳಿದನೆಂದರೆ ಹುಡುಗನ ಬಾಳು ಅಲ್ಲಿಗೆ ಮುಗಿಯಿತು.

ಇದಕ್ಕೂ ನವಿಲಿಗೂ ನಡುವೆ ಇದ್ದದ್ದು ಒಂದು ಫ್ಲೆಕ್ಸು.

ಈ ಕಡೆ ಬದುಕಿದ್ದವನಿಗೆ ಹುಟ್ಟುಹಬ್ಬದ ಫ್ಲೆಕ್ಸ್ ಇಲ್ಲದಿದ್ದರೂ ನಡೆಯುತ್ತದೆ. ಸತ್ತವನಿಗೆ ವರ್ಷದ ಪುಣ್ಯಸ್ಮರಣೆಗೆ ಫ್ಲೆಕ್ಸ್ ಹಾಕದಿದ್ದರೆ, ಮನುಷ್ಯ ಖರೇನೇ ಸತ್ತಿದ್ದಾನೋ ಇಲ್ಲವೋ ಎಂದು ಊರು ಅನುಮಾನ ಪಡುತ್ತದೆ. ಮನೆಯ ಗೋಡೆಯಷ್ಟು ಅಗಲ ಇರಬೇಕು, ಬಸ್ಸಿನಲ್ಲಿ ಹೋಗುವವರಿಗೂ ಹೆಸರು ಕಾಣಬೇಕು. ಆನಂದಕುಮಾರನ ಹತ್ತಿರ ತಮ್ಮನ ಒಳ್ಳೆಯ ಫೋಟೋ ಇದ್ದದ್ದು ಒಂದೇ, ಅದೂ ಬರೀ ಮುಖ. ಆಧಾರ್ ಕಾರ್ಡಿನ ಫೋಟೋ ತೋರಿಸಿದರೆ ತಾಯಿ ಗುಂಡಮ್ಮ, ಇವ ಯಾರ ಮಗ ಎಂದು ಕೇಳಿದ್ದಳಂತೆ. ಹಾಗಾಗಿ ಮುಖದ ಫೋಟೋ ತೌಸೀಫನ ಹತ್ತಿರ ಬಂತು. ಅವನು ಎಐ ಕೈಲಿ ಎಳೆಸಿ ಅಗಲ ಮಾಡಿಕೊಟ್ಟ.

ಫ್ಲೆಕ್ಸಿನ ಎಡಗಡೆ ಹಾಲಿನಂಥ ನದಿ, ಅದರಲ್ಲಿ ಹಂಸ, ದಂಡೆಗೆ ಅಮೃತಶಿಲೆಯ ಮೆಟ್ಟಿಲು. ನಡುವೆ ಬೀರಲಿಂಗ. ಬಲಗಡೆ ಒಂದು ಕಲ್ಲಿನ ಗೋಡೆ.

ಊರವರೆಲ್ಲ ಹಂಸ ನೋಡಿ ಕೈ ಮುಗಿದರು. ತುಳಜಾಬಾಯಿಯ ಕೇಸು ಹಿಡಿದು ಮುಂಜಾನೆ ಆ ಊರಿಗೆ ಹೋಗಿದ್ದ ಗುರುಲಿಂಗಯ್ಯ ಗೋಡೆ ನೋಡಿ ಬೆವತ.

ಯಾಕೆಂದರೆ ಆ ಗೋಡೆಯನ್ನು ಅವನು ಬಲ್ಲ. ಶಹಾಬಾದಿನಿಂದ ಕಲ್ಲಿನ ಗಣಿಗೆ ಹೋಗುವ ದಾರಿಯಲ್ಲಿ ಹಳೆಯ ರೈಲ್ವೆ ಗೇಟು ತೆಗೆದು ಅಂಡರ್‌ಪಾಸು ಮಾಡಿದ್ದರು. ಅದರ ಗೋಡೆಗೆ ಶಹಾಬಾದಿ ಪರ್ಸಿ, ಅಂದರೆ ಚಪ್ಪಡಿ ಕಲ್ಲು, ಹೊದಿಸುವಾಗ ಕೊನೆಗೆ ಒಂದು ಕಲ್ಲು ಕಡಿಮೆ ಬಿತ್ತು. ಗುತ್ತಿಗೆದಾರ ತಲೆ ಕೆಡಿಸಿಕೊಳ್ಳಲಿಲ್ಲ. ಯಾರದೋ ಅಡುಗೆಮನೆಯ ಕಟ್ಟೆಗೆ ಕೊಯ್ದು, ಸಿಂಕು ಕೂರಿಸಲು ದುಂಡಗೆ ತೂತು ಕೊರೆದು, ಅಳತೆ ತಪ್ಪಿ ಬಿಟ್ಟುಹೋಗಿದ್ದ ಕಲ್ಲನ್ನು ಎತ್ತಿ ತಂದು ಕೂರಿಸಿದ. ಈಗ ಮಳೆ ಬಂದರೆ ಆ ತೂತಿನಿಂದ ನೀರು ಧುಮ್ಮಿಕ್ಕುತ್ತದೆ, ಎಮ್ಮೆಗಳು ಸರದಿ ನಿಂತು ಮೈ ತೊಳೆದುಕೊಳ್ಳುತ್ತವೆ. ಉದ್ಘಾಟನೆಗೆ ಹಳೆಯ ನೌಕರನೆಂದು ಗುರುಲಿಂಗಯ್ಯನನ್ನೂ ಕರೆದು ಶಾಲು ಹೊದಿಸಿದ್ದರು. ಭಾಷಣ ಮುಗಿಯುವ ತನಕ ಅವನು ನೋಡಿದ್ದು ತೂತನ್ನೇ.

ಫ್ಲೆಕ್ಸಿನಲ್ಲಿ ಬೀರಲಿಂಗನ ಬಲಭುಜದ ಹಿಂದೆ ಅದೇ ಪರ್ಸಿ. ಅದೇ ತೂತು.

ಯಾವ ದೇಶದಲ್ಲೋ ಕೂತ ಮಷೀನಿಗೆ ಇದು ಹೇಗೆ ಗೊತ್ತಾಯಿತು? ಈ ಅಂಡರ್‌ಪಾಸು ಇರುವುದು ರೈಲ್ವೆಯ ಅರ್ಧ ಜನಕ್ಕೇ ಗೊತ್ತಿಲ್ಲ. ಗುರುಲಿಂಗಯ್ಯನಿಗೆ ಮುಂಜಾನೆಯಿಂದ ಮೈ ಜುಮ್ಮೆನ್ನುತ್ತಿತ್ತು. ಯಾವುದೋ ರಾತ್ರಿಯ ಗಾಡಿಯಲ್ಲಿ, ಟಿಕೆಟ್ಟಿಲ್ಲದೆ, ತನ್ನ ಕಣ್ಣು ತಪ್ಪಿಸಿ ಈ ಎಐ ವಾಡಿಯಲ್ಲಿ ಇಳಿದು ಊರೆಲ್ಲ ಸುತ್ತಿ ಹೋಗಿದೆಯೇನೋ ಎಂದೂ ಅನಿಸಿತು.

“ಇನ್ನೊಂದ್ ಸಲ ಒತ್ತು,” ಅಂದ ತೌಸೀಫನಿಗೆ.

ಮೊದಲ ಸಲ ತೆಂಗಿನ ತೋಟ, ನಡುವೆ ದೋಣಿ ಬಂದಿತ್ತು. ಎರಡನೆಯ ಸಲ ಅರಮನೆ, ಕಾರಂಜಿ. ಆಮೇಲೆ ಈ ನವಿಲು. ಈಗ ಪರದೆ ಮಿಣಮಿಣ ಅಂದು, ಹಿಮದ ಬೆಟ್ಟ ಎದ್ದು, ಅದರ ಬುಡದಲ್ಲಿ ಒಂದು ರೈಲು ಬಂದು ನಿಂತಿತು. ಸೂರ್ಯ ಮುಳುಗುವ ಬೆಳಕು ಕಿಟಕಿ ಕಿಟಕಿಗೂ ಬೇರೆ ಬೇರೆ ಬಿದ್ದಿತ್ತು. ಮೂವರೂ ಉಸಿರು ಹಿಡಿದರು. ತುಳಜಾಬಾಯಿ ಕೂಡ.

ಆಮೇಲೆ ಗುರುಲಿಂಗಯ್ಯ ಹುಬ್ಬು ಗಂಟಿಕ್ಕಿದ. “ಇಂಜಿನ್ ಎಲ್ಲಿ?”

ಎರಡೂ ತುದಿಗೆ ಬೋಗಿಯೇ ಇತ್ತು.

“ಮರ್ತದ್ರಿ ಪಾಪ.”

“ಸಿಗ್ನಲ್ ನೋಡು. ಕೆಂಪು, ಹಸ್ರು ಎರಡೂ ಹತ್ತ್ಯಾವ. ನಾನು ಡ್ಯೂಟಿ ಮ್ಯಾಲ ಇದ್ದಿದ್ರ ಎಲ್ಲಾರಿಗೂ ಸಸ್ಪೆಂಡ್ ಮಾಡಸ್ತಿದ್ದೆ.” ಕನ್ನಡಕ ಮೇಲೇರಿಸಿ ಕೇಳಿದ: “ಆ ಗೋಡಿ ಯಾಕ ಬರವಲ್ದು?”

“ಒಮ್ಮಿ ಬಂದಿದ್ದು ಮತ್ತ ಬರಂಗಿಲ್ರಿ. ಅದರ ಸ್ವಭಾವೇ ಹಂಗ. ಪ್ರತಿ ಸಲ ಹೊಸಾ ಕನಸು ಕಾಣ್ತದ.”

“ಅವತ್ತ ಇದೇ ಕಂಪ್ಯೂಟರಿನಾಗ ಮಾಡಿದ್ದೇನು?”

ತೌಸೀಫ್ ತಲೆ ಕೆರೆದುಕೊಂಡ. “ಅವತ್ತ ಕರೆಂಟ್ ಇದ್ದಿಲ್ರಿ. ಆನಂದಕುಮಾರಣ್ಣ ಚಾಕ್ಕ ಹೋದಾಗ ಅವನ ಫೋನಿನಾಗೇ ಮಾಡ್ದೆ. ಹೊಸಾ ಫೋನು, ಅದರಾಗೇ ಎಐ ಅದ. ಫೋಟೋದ ಅಂಚು ಹಿಡ್ದು ಬಲಕ್ಕ ಎಳದೆ, ಗೋಡಿ ಬಂತು. ಎಡಕ್ಕ ಎಳದೆ, ಹಂಸ ಬಂದ್ವು.”

“ಎರಡೂ ಒಂದೇ ನಮೂನಿ ಬಂದ್ವಾ?”

“ಇಲ್ಲ ನೋಡ್ರಿ, ಅದೊಂದ್ ಮಜಾ. ಗೋಡಿ ಎಳದ ಕೂಡ್ಲೇ ಗಪ್ಪಂತ ಬಂತು. ಹಂಸಕ್ಕ ಮಾತ್ರ ಮಷೀನ್ ಜರಾ ವಿಚಾರ ಮಾಡ್ತು. ಹಿಂಗೇ ಮಿಣಮಿಣ ಅಂತು.”

ಗುರುಲಿಂಗಯ್ಯನ ಮೂಗಿನ ಹೊಳ್ಳೆ ಅರಳಿದವು. ಬೋಗಿ ಹತ್ತಿದಾಗ ಎಲ್ಲರೂ ಜೇಬು ತಡಕಾಡಿ ಟಿಕೆಟ್ ತೆಗೆಯುತ್ತಾರೆ. ಕೇಳುವ ಮೊದಲೇ ಮುಂದೆ ಹಿಡಿಯುವವನು ಒಬ್ಬನಿರುತ್ತಾನೆ. ಅವನ ಟಿಕೆಟ್ಟನ್ನು ಮಾತ್ರ ತಿರುವಿ ನೋಡಬೇಕು.

“ನಿನ್ನ ಫೋನ್ ತಗಿ. ನನ್ನದೊಂದ್ ಫೋಟೋ ಹೊಡಿ.”

ತೌಸೀಫ್ ಹೊಡೆದ. ಸ್ಟೂಲು, ಟಿಸಿ, ಹಿಂದಿನ ಬಾಗಿಲು, ಬಾಗಿಲಲ್ಲಿ ತುಳಜಾಬಾಯಿ.

“ಈಗ ನನ್ನ ಮಾರಿ ಅಷ್ಟೇ ಬಿಟ್ಟು ಉಳದದ್ದು ಕತ್ತರ್ಸು.”

ಕತ್ತರಿಸಿದ. ಮೀಸೆ, ಕನ್ನಡಕ, ವಿಭೂತಿ ಉಳಿದವು.

“ಈಗ ಅವತ್ತ ಎಳದಂಗ ಎಳಿ.”

ತೌಸೀಫ್ ಅಂಚು ಹಿಡಿದು ಎಳೆದ. ಗಪ್ಪನೆ ಭುಜ ಬಂತು. ಸ್ಟೂಲು ಬಂತು. ಬಾಗಿಲು ಬಂತು, ತುಳಜಾಬಾಯಿ ಬಂದಳು, ಅವಳ ಕೈಚೀಲ ಬಂತು. ಅಲ್ಲಿಂದಾಚೆಗೆ ಎಳೆದಾಗ ಪರದೆ ಮಿಣಮಿಣ ಅಂದು, ತುಸು ಯೋಚಿಸಿ, ಅವಳ ಪಕ್ಕ ಒಂದು ಕಲ್ಲಿನ ಆನೆಯನ್ನು ನಿಲ್ಲಿಸಿತು.

ತೌಸೀಫನ ಬಾಯಿ ತೆರೆದೇ ಇತ್ತು.

“ಕತ್ತರಿ ಅಲ್ಲೋ ಇದು,” ಗುರುಲಿಂಗಯ್ಯನ ದನಿ ತಗ್ಗಿತು. “ಮಡಿಕಿ. ಸೀರಿ ಮಡಿಚಿಟ್ಟಂಗ ಒಳಗ ಮಡಿಚಿಟ್ಟದ. ಎಳದ್ರ ಮೊದಲ ಇದ್ದಿದ್ದು ಪೂರಾ ಬಿಚ್ಚಿ ಬರ್ತದ. ಅದು ಮುಗದ ಮ್ಯಾಲ ಕನಸು ಸುರು ಆಗ್ತದ.”

ಇಲ್ಲದ ನವಿಲನ್ನು ಗರಿ ಸಮೇತ ಹುಟ್ಟಿಸುವ ಮಷೀನನ್ನು ಕಂಡು ಮುಂಜಾನೆಯಿಂದ ಅವನು ಬೆರಗಾಗಿದ್ದ. ಈಗ ಅದೇ ಮಷೀನು, ಮನುಷ್ಯ ತಾನೇ ಕತ್ತರಿಸಿ ಎಸೆದೆ ಅಂದುಕೊಂಡದ್ದನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿರುತ್ತದೆ ಅಂದಾಗ ಸ್ಟೂಲನ್ನು ಫೋನಿನಿಂದ ಒಂದು ಮೊಳ ಹಿಂದಕ್ಕೆ ಎಳೆದುಕೊಂಡ. ಇಷ್ಟು ನೆನಪಿಟ್ಟುಕೊಳ್ಳುವುದು ದೇವರಿಗೂ ಕಷ್ಟ.

ಬಂದಾಗಿನಿಂದ ನಿಂತೇ ಇದ್ದ ತುಳಜಾಬಾಯಿ ಈಗ ಕೂತಳು. “ಖರೇನ್ರಿ? ಒಮ್ಮಿ ತಗದಿದ್ದು ಪೂರಾ ಉಳೀತದ?”

“ಪೂರಾ.”

“ಮೂಲ್ಯಾಗಿಂದೂ?”

“ಮೂಲ್ಯಾಗಿನ ಇರವಿನೂ ಉಳೀತದ, ಬಾಯಿ.”

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಹಂಗಾದ್ರ ನಡ್ರಿ ಆನಂದಕುಮಾರನ ಮನಿಗಿ. ನಾನೂ ಬರ್ತೀನಿ.”

“ನೀ ಬ್ಯಾಡ. ಅಲ್ಲಿ ನಿನ್ನ ಮಾರಿ ನೋಡಿದ್ರ ಜನ ಬಡೀಲಿಕ್ಕ ಬರ್ತಾರ.”

“ಬರ್ಲಿ. ನಾ ಬರ್ತೀನಿ.”

ತೌಸೀಫನ ಓಮ್ನಿಯಲ್ಲಿ ದೇವರ ಫೋಟೋಗಳ ನಡುವೆ ಜಾಗ ಮಾಡಿಕೊಂಡು ಮೂವರೂ ಹೊರಟರು.

*

ಮಳಖೇಡದ ಆಚೆ ನದಿ ದಂಡೆಯ ಊರು. ಆನಂದಕುಮಾರನ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಫ್ಲೆಕ್ಸಿಗೆ ಜನ ಕಾಯಿ ಒಡೆಯಲು ಸುರು ಮಾಡಿದ್ದರು. ಚಿಂಚೋಳಿ ಚಂದಾಪುರದಿಂದ ಒಂದು ಜೀಪು ತುಂಬಾ ಬಂದಿದ್ದರು. ಸತ್ತವರು ಸ್ವರ್ಗದಲ್ಲಿ ಎಲ್ಲಿ ನಿಂತಿದ್ದಾರೆ ಎಂದು ಮಷೀನು ತೋರಿಸುತ್ತದಂತೆ ಎಂಬ ಸುದ್ದಿ ತಾಲ್ಲೂಕು ದಾಟಿತ್ತು. ಸ್ವರ್ಗದಲ್ಲಿ ಹಂಸದ ಎದುರಿಗೆ ಅಡುಗೆಮನೆಯ ಪರ್ಸಿ ಯಾಕಿದೆ ಎಂದು ಯಾರೂ ಕೇಳಿರಲಿಲ್ಲ.

ಫ್ಲೆಕ್ಸಿನ ಬುಡದಲ್ಲಿ ಗುಂಡಮ್ಮ ಚಾಪೆ ಹಾಸಿ ಕೂತಿದ್ದಳು. ಅವಳ ಕೈ ಎಟುಕುವಷ್ಟು ಎತ್ತರಕ್ಕೆ ಮಗನ ಅಂಗಿ ಭಂಡಾರದ ಅರಿಶಿನಪುಡಿಯಿಂದ ಹಳದಿಯಾಗಿತ್ತು.

ಗೊಬ್ಬರದ ಅಂಗಡಿಯ ಆನಂದಕುಮಾರ ಹೊರಗೆ ಬಂದ. ಕಣ್ಣು ಗುಳಿಗೆ ಇಳಿದಿದ್ದವು. ಫ್ಲೆಕ್ಸ್ ಕಟ್ಟಿದಾಗಿನಿಂದ ಅವನು ಅದಕ್ಕೆ ಬೆನ್ನು ಹಾಕಿಯೇ ಓಡಾಡುತ್ತಿದ್ದ.

“ಬರ್ರಿ ಅಯ್ಯನೋರೆ, ಕುಂದ್ರಿ...” ಅನ್ನುತ್ತಿದ್ದವನು ಹಿಂದೆ ನೋಡಿ ನಿಂತ. “ಈಕಿನ್ನ ಯಾಕ ಕರಕೊಂಡ್ ಬಂದೀರಿ?”

“ಯಾರೂ ಕರಕೊಂಡ್ ಬಂದಿಲ್ಲ,” ಅಂದಳು ತುಳಜಾಬಾಯಿ. “ಕಾಲು ನಂದವ.”

ಜನ ಗುಜುಗುಜು ಅಂದರು. ಗುಂಡಮ್ಮ ಮಾತ್ರ ತಲೆ ಎತ್ತಲಿಲ್ಲ.

“ಕೆಲಸದ ಮ್ಯಾಲ ಬಂದೀವಿ,” ಗುರುಲಿಂಗಯ್ಯ ಟಿಕೆಟ್ ಕೇಳುವ ದನಿಯಲ್ಲೇ ಕೇಳಿದ. “ಈ ಫೋಟೋ ಯಾವಾಗ ತಗದಿದ್ರಿ?”

“ಅವ ಇದ್ದಾಗ್ರಿ. ಹೋದ ವರ್ಷ ಯುಗಾದಿಗಿ. ಹೊಲದಾಗ.”

“ಹೊಲದಾಗ ಗೋಡಿ?”

“ಅದು ಮಷೀನ್ ಮಾಡಿದ್ದು.” ಆನಂದಕುಮಾರ ಜೇಬಿನ ಮೇಲೆ ಕೈ ಇಟ್ಟುಕೊಂಡ. “ಎಲ್ಲಾ ಮಷೀನ್ ಮಾಡಿದ್ದೇ. ತೌಸೀಫನಿಗಿ ಕೇಳ್ರಿ.”

“ಕೇಳೀನಿ. ಭಾಳ ಛಂದ್ ಮಾಡ್ಯದ. ನಿಮ್ಮವ್ವನಿಗಿ ಇನ್ನಾ ದೊಡ್ಡದು ಮಾಡಿ ಕೊಡೂಣಂತ ಬಂದೀವಿ. ಫೋನ್ ಕೊಡ್ರಿ.”

“ಫೋನ್ ಕೆಟ್ಟದ.”

ಅವನ ಅಂಗಿಯ ಜೇಬಿನಲ್ಲಿ ಫೋನು ಹಾಡತೊಡಗಿತು. ಪೂರ್ತಿ ಹಾಡಿ ಮುಗಿಯುವ ತನಕ ಎಲ್ಲರೂ ಮರ್ಯಾದೆಯಿಂದ ಕೇಳಿದರು.

“ಕೆಟ್ಟಿದ್ದೇ ಇಷ್ಟ್ ಛಂದ್ ಹಾಡ್ತದ,” ಅಂದ ಗುಂಪಿನ ಮುಂದೆ ನಿಂತಿದ್ದ ಭೀಮಾಶಂಕರ. “ಕೊಡೋ ಆನಂದ. ನಾವೂ ನೋಡ್ತೀವಿ ಮಷೀನ್ ಹ್ಯಾಂಗ ಮಾಡ್ತದ. ನಮ್ಮ ಎಮ್ಮಿ ಕಳದು ವಾರ ಆಯ್ತು, ಅದನ್ನೂ ಕೇಳೂದದ.”

“ಕೊಡು, ಕೊಡು,” ಅಂದರು ಚಂದಾಪುರದವರು. ಅಷ್ಟು ದೂರದಿಂದ ಬಂದು ಪವಾಡ ನೋಡದೆ ಹೋಗುವ ಮನಸ್ಸು ಅವರಿಗಿರಲಿಲ್ಲ.

ಎಷ್ಟೋ ಕೈಗಳು ಮುಂದೆ ಬಂದವು. ಯಾವ ಕೈ ಜೇಬಿಗೆ ಹೋಯಿತೋ ಗೊತ್ತಾಗಲಿಲ್ಲ. ಫೋನು ಕೈಯಿಂದ ಕೈಗೆ ಹಾಯ್ದು ಬಂದು ತೌಸೀಫನ ಅಂಗೈ ಮೇಲೆ ಕೂತಿತು. ಆನಂದಕುಮಾರನ ಬೆರಳು ಹಿಡಿದು ಒತ್ತಿಸಿ ಬೀಗ ತೆಗೆಸಿದ್ದೂ ಭೀಮಾಶಂಕರನೇ.

ಮುಖದ ಫೋಟೋ ತೆರೆಯಿತು. ಬೀರಲಿಂಗನ ನಗು, ಕಿವಿ ತನಕ.

“ಎಳಿ,” ಅಂದ ಗುರುಲಿಂಗಯ್ಯ.

ತೌಸೀಫ್ ಬಲಕ್ಕೆ ಎಳೆದ. ಗಪ್ಪನೆ ಭುಜ. ಗಪ್ಪನೆ ಗೋಡೆ, ಪರ್ಸಿಯ ಸಾಲು, ನಡುವೆ ದುಂಡನೆಯ ತೂತು. ಜನ “ಓ!” ಅಂದು ಒಂದು ಹೆಜ್ಜೆ ಹಿಂದೆ ಸರಿದರು. ಫ್ಲೆಕ್ಸಿನಲ್ಲಿ ಇದ್ದದ್ದೇ ಮತ್ತೆ ಬಂದಿತ್ತು, ಒಂದು ಗೆರೆ ಹೆಚ್ಚಿಲ್ಲ ಕಡಿಮೆ ಇಲ್ಲ.

“ಎಲ್ಲಾರೂ ಕೇಳ್ರಿ,” ಗುರುಲಿಂಗಯ್ಯ ಗುಂಪಿನತ್ತ ತಿರುಗಿದ. “ಮಷೀನ್ ಕನಸು ಕಂಡ್ರ ಒಮ್ಮಿ ಕಂಡಿದ್ದು ಮತ್ತ ಕಾಣಂಗಿಲ್ಲ. ಸೇಡಮ್ಮಿನಾಗ ಮುಂಜಾನಿಯಿಂದ ಒತ್ತೀವಿ. ತೋಟ ಬಂತು, ಅರಮನಿ ಬಂತು, ನವಿಲ ಬಂತು, ಇಂಜಿನ್ ಇಲ್ಲದ ರೈಲೂ ಬಂತು. ಈ ಗೋಡಿ ಬರ್ಲಿಲ್ಲ. ಇಲ್ಲಿ ಮಾತ್ರ ಎಳದ ಕೂಡ್ಲೇ ಬರ್ತದ. ಯಾಕಂದ್ರ ಇದು ಕನಸಲ್ಲ. ಕ್ಯಾಮೆರಾ ಕಂಡಿದ್ದು. ಆನಂದಕುಮಾರ ಕತ್ತರ್ಸೀನಿ ಅಂದುಕೊಂಡಾನ, ಫೋನು ಮಡಿಚಿ ಇಟ್ಟದ.”

ಅವನು ಫ್ಲೆಕ್ಸಿನ ತೂತಿನತ್ತ ಬೆರಳು ಮಾಡಿದ.

“ಈ ಗೋಡಿ ಶಹಾಬಾದಿನ ಅಂಡರ್‌ಪಾಸಿಂದು. ಇದನ್ನ ಕಟ್ಟಿದ್ದು ಈ ವರ್ಷ, ಸಂಕ್ರಾಂತಿ ಆದ ಮ್ಯಾಲ. ಉದ್ಘಾಟನಾಕ್ಕ ನಾನೇ ಹೋಗಿದ್ದೆ. ಬೀರಲಿಂಗ ಹೊಳಿಗಿ ಬಿದ್ದಿದ್ದು ಹೋದ ವರ್ಷ ಶ್ರಾವಣದಾಗ.” ಆನಂದಕುಮಾರನ ಕಡೆ ನೋಡಿದ. “ಅಂದ್ರ ಸತ್ತ ನಿಮ್ಮ ತಮ್ಮ, ಎಷ್ಟೋ ತಿಂಗಳಾದ ಮ್ಯಾಲ, ಅಲ್ಲಿ ನಿಂತು ನಿಮ್ಮ ಫೋನಿಗಿ ನಗಲಿಕತ್ತಾನ.”

ಹೊಳೆಯ ಕಡೆಯಿಂದ ಗಾಳಿ ಬಂದು ಫ್ಲೆಕ್ಸು ಉಬ್ಬಿತು. ಬೀರಲಿಂಗನ ಎದೆ ಉಸಿರಾಡಿದಂತಾಯಿತು. ಹೆಂಗಸೊಬ್ಬಳು ಬಿಟ್ಟಿದ್ದ ಚಪ್ಪಲಿ ಹುಡುಕತೊಡಗಿದಳು.

“ನಾ ಕತ್ತರ್ಸಿದ್ದೆ,” ಅಂದ ಆನಂದಕುಮಾರ.

ತಾನು ಏನು ಹೇಳಿದೆ ಎಂಬುದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಕಣ್ಣು ಫೋನಿನ ಮೇಲೆ ನೆಟ್ಟಿದ್ದವು.

“ನನ್ನ ಕೈಲೇ ಕತ್ತರ್ಸಿದ್ದೆ ಅಯ್ಯನೋರೆ. ಬರೀ ಮಾರಿ ಉಳಿಸಿದ್ದೆ. ಗೋಡಿ ಹೋಗಿತ್ತು. ಫ್ಲೆಕ್ಸ್ ಬಿಚ್ಚಿ ಕಟ್ಟಿದ್ರ ಅಲ್ಲೇ ನಿಂತದ! ಊಟ ಸೇರವಲ್ದು, ನಿದ್ದಿ ಹತ್ತವಲ್ದು. ನಾ ಯಾರಿಗೂ ಹೇಳದೇ ಇದ್ದಿದ್ದು ಮಷೀನಿಗಿ ಹ್ಯಾಂಗ ಗೊತ್ತಾತಂತ... ಇನ್ನೇನೇನ್ ಗೊತ್ತದ ಅದಕ್ಕ ಅಂತ...”

ಸುಳ್ಳು ಸಾಕ್ಷಿ ಹೇಳಿದವನನ್ನು ಹಿಡಿದಾಗ ಆಗಬೇಕಾದ ಖುಷಿ ಗುರುಲಿಂಗಯ್ಯನಿಗೆ ಆಗಲಿಲ್ಲ. ಮುಂಜಾನೆ ಇದೇ ಗೋಡೆಯ ಮುಂದೆ ತಾನೂ ಹೀಗೇ ನಡುಗಿದ್ದ.

“ಬೀರಲಿಂಗ ಎಲ್ಲಿ ಅದಾನ?”

ಆನಂದಕುಮಾರ ತಾಯಿಯ ಕಡೆ ನೋಡಿದ.

“ರತ್ನದೀಪ ನೂಕಿದ್ದು ಸುಳ್ಳು. ಹೌದೋ ಅಲ್ಲೋ?”

“ಸಾಹೇಬ್ರ!” ತೌಸೀಫ್ ನಡುವೆ ಕೂಗಿದ. ಅವನಿಗೆ ಕೊಲೆಗಿಂತ ಫೋಟೋ ಮುಖ್ಯವಾಗಿತ್ತು. “ಇನ್ನಾ ಅದ್ರಿ! ಅವತ್ತ ಫ್ಲೆಕ್ಸಿಗಿ ಇಷ್ಟೇ ಸಾಕಂತ ನಿಂದರ್ಸಿದ್ದೆ. ಇನ್ನೂ ಎಳದ್ರ ಬರ್ಲಿಕತ್ತದ!”

“ಬ್ಯಾಡ!” ಆನಂದಕುಮಾರ ಹಾರಿದ. ಭೀಮಾಶಂಕರ ಅವನ ಸೊಂಟ ಹಿಡಿದುಕೊಂಡ. “ಬ್ಯಾಡೋ ತೌಸೀಫ್, ಕೈ ಮುಗೀತೀನಿ, ಎಳೀಬ್ಯಾಡ!”

ತೌಸೀಫನ ಬೆರಳು ಆಗಲೇ ಜಾರಿತ್ತು.

ಗೋಡೆ ಇನ್ನಷ್ಟು ಬಿಚ್ಚಿಕೊಂಡಿತು. ಒಂದು ಕೈ ಬಂತು. ಹೆಂಗಸಿನ ಕೈ, ಬೀರಲಿಂಗನ ಮೊಣಕೈ ಹಿಡಿದಿತ್ತು. ಇನ್ನೊಂದು ಕೈಯಲ್ಲಿ ಬುತ್ತಿಯ ಗಂಟು. ಆಮೇಲೆ ನೀಲಿ ಸೀರೆ. ಆಮೇಲೆ ಮುಖ.

ತೌಸೀಫ್ ಫೋನಿನಿಂದ ತಲೆ ಎತ್ತಿ ತುಳಜಾಬಾಯಿಯನ್ನು ನೋಡಿದ. ಮತ್ತೆ ಫೋನು ನೋಡಿದ.

“ಮಿಣಮಿಣ ಅಂತೇನು?” ಗುರುಲಿಂಗಯ್ಯನ ದನಿ ತನಗೇ ಕೇಳಿಸಲಿಲ್ಲ.

“ಇಲ್ರಿ.”

“ಸರೀ ನೋಡು. ಜರಾನೂ ವಿಚಾರ ಮಾಡ್ಲಿಲ್ಲೇನು?”

“ಇಲ್ರಿ ಸಾಹೇಬ್ರ. ಗಪ್ಪಂತ ಬಂತು.”

ಊರಿನ ಮುಂದೆ ನಿಂತು, ಈ ಕಡೆಯದೆಲ್ಲ ಸತ್ಯ ಎಂದು ಸಾರಿದವನು ಅವನೇ. ಈ ಹೆಂಗಸು ಮಷೀನಿನ ಕನಸು ಎಂದರೆ ಗೋಡೆಯೂ ಕನಸಾಗುತ್ತದೆ, ಬೀರಲಿಂಗ ಮತ್ತೆ ಸಾಯುತ್ತಾನೆ, ರತ್ನದೀಪ ಜೈಲಿನಲ್ಲೇ ಉಳಿಯುತ್ತಾನೆ. ಗೋಡೆ ಸತ್ಯವೆಂದರೆ, ಮಗನನ್ನು ಬಿಡಿಸಿಕೊಡಿ ಎಂದು ತನ್ನ ಮನೆ ಬಾಗಿಲಿಗೆ ಬಂದು ಅತ್ತವಳು, ಸತ್ತವನಿಗೆ ತಾನೇ ಬುತ್ತಿ ಕಟ್ಟಿಕೊಂಡು ಹೋಗಿದ್ದಳು. ಇಷ್ಟು ವರ್ಷ ಎಷ್ಟೋ ಮುಖ ಓದಿದವನು ಓಮ್ನಿಯಲ್ಲಿ ಪಕ್ಕದಲ್ಲೇ ಕೂತಿದ್ದ ಮುಖವನ್ನು ಓದಿರಲಿಲ್ಲ.

“ಬಾಯಿ,” ಅಂದ. “ಇಕಿ ಯಾರು?”

ತುಳಜಾಬಾಯಿ ಫೋನನ್ನು ನೋಡಲಿಲ್ಲ. ಗುರುಲಿಂಗಯ್ಯನನ್ನೂ ನೋಡಲಿಲ್ಲ. ಚಾಪೆಯ ಕಡೆ ನೋಡುತ್ತಿದ್ದಳು.

ಚಾಪೆಯ ಮೇಲಿಂದ ಗುಂಡಮ್ಮ ನಿಧಾನ ಎದ್ದಳು. ಕೈಯಲ್ಲಿದ್ದ ಭಂಡಾರ ನೆಲಕ್ಕೆ ಉದುರಿತು.

“ನಿನ್ನ ಮಗನ ಆಣಿ ಇಟ್ಟಿದ್ದಿ, ತುಳಜಾ.”

“ಆಣಿ ಮುರದಿಲ್ಲ ಯಕ್ಕಾ,” ತುಳಜಾಬಾಯಿಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ದನಿ ಮಾತ್ರ ಅಲುಗಲಿಲ್ಲ. “ನನ್ನ ಬಾಯಿಲೆ ಒಂದ್ ಮಾತೂ ಹೇಳಿಲ್ಲ. ಕೊಲಿ ಅಂದ್ರೇ ಮಂದಿ ನಂಬ್ತಾರ, ಎರಡು ತಿಂಗಳ ತಡಿ ಅಂದ್ರಿ, ತಡದೆ. ಜಾಮೀನು ಆಗ್ತದ ಅಂದ್ರಿ, ಆಗ್ಲಿಲ್ಲ. ಸೋಮವಾರ ನಿನ್ನ ಮಗ ಕೋರ್ಟಿನಾಗ ನಿಂತ್ರ ನನ್ನ ಮಗ ಹೊರಗ ಬರಂಗೇ ಇಲ್ಲ. ನಾ ಏನ್ ಮಾಡ್ಲಿ? ನಾ ಹೇಳಂಗಿದ್ದಿಲ್ಲ. ಹುಡುಕೋರಿಗಿ ಕರಕೊಂಡ್ ಬಂದೆ. ಹೇಳಿದ್ದು ಮಷೀನು.”

ಗುರುಲಿಂಗಯ್ಯ ಒಬ್ಬರ ನಂತರ ಒಬ್ಬರನ್ನು ನೋಡಿದ. ಕೊಂದವನ ತಾಯಿ, ಸತ್ತವನ ತಾಯಿ ಎಂದು ಊರು ಇಷ್ಟು ದಿನ ಬೇರೆ ಬೇರೆ ದಾರಿಯಲ್ಲಿ ನಡೆಸಿದ್ದ ಇಬ್ಬರು ಹೆಂಗಸರು, ಇಬ್ಬರಿಗೂ ಒಂದೇ ಗುಟ್ಟು, ಯಾವ ಕ್ಯಾಮೆರಾದ ಅಂಚಿಗೂ ಸಿಗದಷ್ಟು ಆಚೆಗೆ. ಇದರ ಮುಂದೆ ನವಿಲು ಏನೂ ಅಲ್ಲ ಅನಿಸಿತು ಅವನಿಗೆ.

ಗುಂಡಮ್ಮ ಈಗ ತುಳಜಾಬಾಯಿಯನ್ನು ನೋಡುತ್ತಿರಲಿಲ್ಲ. ಗುಂಪನ್ನು ನೋಡುತ್ತಿದ್ದಳು. ಗುಂಪಿನ ಎಲ್ಲ ಕೈಗಳೂ ಮೇಲೆ ಎದ್ದಿದ್ದವು, ಎಲ್ಲ ಕೈಯಲ್ಲೂ ಫೋನು, ಎಲ್ಲ ಫೋನಿನಲ್ಲೂ ಶಹಾಬಾದಿನ ಆ ಗೋಡೆ. ಚಂದಾಪುರದವರು ಆಗಲೇ ಕಳಿಸಿಬಿಟ್ಟಿದ್ದರು. ಎಲ್ಲೆಲ್ಲೋ, ಯಾರ್ಯಾರ ಜೇಬಿನಲ್ಲೋ ಅದು ಟಿಣ್ ಟಿಣ್ ಎಂದು ಇಳಿಯುತ್ತಿತ್ತು.

“ನಿನ್ನ ಮಗ ಬರ್ತಾನ ಬಿಡವ್ವ,” ಅಂದಳು ಗುಂಡಮ್ಮ. “ಈ ಗೋಡಿ ಈಗ ನನ್ನ ಮಗನ ಜೀವ ತಗೀಲಿಕ್ಕ ತಿರಗೋರೂ ನೋಡ್ತಾರ. ಅಲ್ಲೇ ಬಂದು ಹುಡುಕ್ತಾರ. ಇಷ್ಟ್ ದಿನ ನನ್ನ ಮಗ ಸತ್ತಾನಂತ ಬದಕಿದ್ದ.”